ಪದಚರ್ಚೆ: ಪಾಳಿಗೆ ಮುಂಚಿನ ದುಡಿಮೆ – ‘ಅನಿವಾರ್ಯ’ ಅಂದರೆ ಸರಿಹೋಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಗಂಟೆ ಲೆಕ್ಕದಲ್ಲಿ ದುಡಿಯುವ ಕನ್ನಡಿಗರಿಗಾಗಿ ಎರಡು ಪುಟದ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾಳಿ ಶುರುವಾಗುವ ಮೊದಲು ಮಾಲೀಕರು ಮಾಡಿಸಿಕೊಳ್ಳುವ ಕೆಲಸಕ್ಕೆ ಯಾವಾಗ ಸಂಬಳ ಕೇಳಬಹುದು ಅನ್ನುವುದು ವಿಷಯ. ಎರಡು ಮಾತಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಆಫ್ ದಿ ಕ್ಲಾಕ್’, ಅಂದರೆ ಹಾಜರಿಯ ಹೊತ್ತಿನಾಚೆ ಸಂಬಳವಿಲ್ಲದೆ ಮಾಡುವ ಕೆಲಸ. ನನ್ನ ನಾದಿನಿ ಇಲ್ಲೇ ಒಂದು ಕಾಲ್ ಸೆಂಟರಿನಲ್ಲಿದ್ದಾಳೆ. ಎಂಟಕ್ಕೆ ಪಾಳಿ. ಏಳೂ ಮುಕ್ಕಾಲಿಗೇ ಕೂತು, ಕಂಪ್ಯೂಟರ್ ಆನ್ ಮಾಡಿ, ಮೂರು ಪಾಸ್‌ವರ್ಡ್ ಹೊಡೆದು, ಪರದೆ ಮೇಲಿನ ಚಕ್ರ ತಿರುಗಿ ನಿಂತ ಮೇಲೆ ಹಾಜರಿ ಒತ್ತಬೇಕು. ಹಾಜರಿ ಪುಸ್ತಕ ಇರುವುದೇ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ! ಆ ಕಾಲು ಗಂಟೆಯ ಗತಿಯೇನು ಅಂತ ಕೇಳಿದ್ದಕ್ಕೆ, “ಅದು ಆಟಕ್ಕುಂಟು ಲೆಕ್ಕಕ್ಕಿಲ್ಲ ಭಾವ” ಅಂದಳು. ಇದಕ್ಕಿಂತ ಒಳ್ಳೆಯ ಕನ್ನಡ ನನಗಂತೂ ಹೊಳೆಯುವುದಿಲ್ಲ. ಆದರೆ ಕರಪತ್ರದಲ್ಲಿ ‘ಲೆಕ್ಕಕ್ಕೆ ಬಾರದ ಕೆಲಸ’ ಅಂತ ಬರೆದರೆ ಲೆಕ್ಕಕ್ಕೆ ಬಾರದಿರುವುದು ಆ ಕೆಲಸದ್ದೇ ಗುಣ ಅಂದಂತಾಯಿತು, ವಾದ ನಾವೇ ಸೋತಂತೆ. ‘ಲೆಕ್ಕಕ್ಕೆ ಹಿಡಿಯದ ಕೆಲಸ’ ಅಂದರೆ ಹಿಡಿಯದೆ ಬಿಟ್ಟವರು ಯಾರೋ ಇದ್ದಾರೆ. ಸದ್ಯಕ್ಕೆ ಇದನ್ನೇ ಇಟ್ಟಿದ್ದೇನೆ. ‘ಬಿಟ್ಟಿ ದುಡಿಮೆ’ ಅನ್ನಿ ಎಂದರು ಗೆಳೆಯರೊಬ್ಬರು. ‘ವಿಷ್ಟಿ’ಯ ತದ್ಭವ, ಬೈಯುವುದಕ್ಕೆ ಬಲು ಚೆನ್ನ, ಆದರೆ ದಿನವಿಡೀ ಕೂಲಿಯಿಲ್ಲದೆ ದುಡಿಸಿದಂತೆ ಕೇಳುತ್ತದೆ.

ನಿಜವಾದ ತೊಡಕು ಎರಡನೆಯದು. ಮುಖ್ಯ ಕೆಲಸದ ಹಿಂದುಮುಂದಿನ ಓಡಾಟ, ತಯಾರಿಗೆ ಸಂಬಳ ಕೊಡಬೇಕಿಲ್ಲ ಅನ್ನುತ್ತದೆ ಅಮೆರಿಕದ 1947ರ ಪೋರ್ಟಲ್ ಟು ಪೋರ್ಟಲ್ ಕಾಯ್ದೆ. ಆ ತಯಾರಿ ಮುಖ್ಯ ಕೆಲಸಕ್ಕೆ ‘ಇಂಟೆಗ್ರಲ್ ಅಂಡ್ ಇಂಡಿಸ್ಪೆನ್ಸಬಲ್’ ಆಗಿದ್ದರೆ ಮಾತ್ರ ಕೊಡಬೇಕು. ಇದನ್ನು ಮೊದಲು ‘ಅವಿಭಾಜ್ಯ ಮತ್ತು ಅನಿವಾರ್ಯ’ ಎಂದು ಬರೆದು, ಆಮೇಲೆ ಹೊಡೆದುಹಾಕಿದೆ. ನಮ್ಮ ಆಡುಮಾತಿನಲ್ಲಿ ಅನಿವಾರ್ಯ ಅಂದರೆ ‘ಬೇರೆ ದಾರಿಯಿಲ್ಲ, ಮಾಡಲೇಬೇಕು’ ಅಂತ ತಾನೇ? ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದವರು ಪಾಳಿ ಮುಗಿದ ಮೇಲೆ ಕಳವು ತಡೆಯುವ ತಪಾಸಣೆಗೆ ಸುಮಾರು 25 ನಿಮಿಷ ನಿಲ್ಲಬೇಕೆಂದು ದೂರಿದ್ದರು. ಅವರಿಗೆ ಅದು ಅನಿವಾರ್ಯವೇ. ಆದರೂ 2014ರಲ್ಲಿ ಸುಪ್ರೀಂ ಕೋರ್ಟು ಒಕ್ಕೊರಲಿನಿಂದ ಸಂಬಳವಿಲ್ಲ ಅಂದಿತು. ಮಾಲೀಕರು ಕಡ್ಡಾಯ ಮಾಡಿದರೆ ಸಾಲದು, ಅದಿಲ್ಲದೆ ಕೆಲಸವೇ ಆಗಬಾರದು. ತಪಾಸಣೆ ಇಲ್ಲದಿದ್ದರೂ ಪೆಟ್ಟಿಗೆಗೆ ಸಾಮಾನು ತುಂಬಬಹುದಲ್ಲ!

ಆದರೆ 1956ರಲ್ಲಿ ಬ್ಯಾಟರಿ ಕಾರ್ಖಾನೆಯವರು ಸೀಸದ ವಿಷ ತೊಳೆದುಕೊಳ್ಳಲು ಮಾಡುತ್ತಿದ್ದ ಸ್ನಾನ ಲೆಕ್ಕಕ್ಕೆ ಬಂತು. 2005ರಲ್ಲಿ ಮಾಂಸದ ಕಾರ್ಖಾನೆಯವರು ರಕ್ಷಣೆಯ ಉಡುಪು ತೊಟ್ಟ ಮೇಲೆ ಕೆಲಸದ ಜಾಗಕ್ಕೆ ನಡೆದು ಹೋಗುವ ಹೊತ್ತೂ ಬಂತು. (ಇಲ್ಲಿ ‘ತೊಡು’ವೇ ಸರಿ. ‘ಉಡು’ ಅಂದರೆ ಸೀರೆ ಕಣ್ಣಿಗೆ ಬರುತ್ತದೆ, ಅವರು ತೊಡುತ್ತಿದ್ದದ್ದು ಸರಪಳಿ ಹೆಣೆದ ಕವಚ.) ಲಾಸ್ ವೇಗಾಸ್‌ನ ಕಾಲ್ ಸೆಂಟರೊಂದರ ಮೊಕದ್ದಮೆಯಲ್ಲಿ, ಕಂಪ್ಯೂಟರ್ ಆನ್ ಮಾಡುವುದೂ ಇದೇ ಬಗೆಯ ಕೆಲಸ ಎಂದು 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ನಾದಿನಿಗೆ ಓದಿ ಹೇಳಿದೆ, ಎರಡನೇ ಸಲ ಓದಿಸಿದಳು.

ಹಾಗಾಗಿ ‘ಅದಿಲ್ಲದೆ ಕೆಲಸ ನಡೆಯದ ತಯಾರಿ’ ಅಂತ ಬಿಡಿಸಿ ಬರೆದಿದ್ದೇನೆ. ಅರ್ಥ ಸರಿ, ಉದ್ದ ಜಾಸ್ತಿ. ಕರಪತ್ರದಲ್ಲಿ ಈ ಮಾತು ಹನ್ನೊಂದು ಸಲ ಬರುತ್ತದೆ. ಚಿಕ್ಕದಾಗಿ ಯಾರಿಗಾದರೂ ಹೊಳೆಯುತ್ತದೆಯೇ? ‘ಅತ್ಯಗತ್ಯ’ ಬೇಡ, ಅದು ರಕ್ತದಾನದ ಜಾಹೀರಾತಿನಲ್ಲಿ ಸವೆದುಹೋಗಿದೆ.

ಕಾಯ್ದೆಯ ಹೆಸರಿನ ‘ಪೋರ್ಟಲ್’ ಮೂಲದಲ್ಲಿ ಗಣಿಯ ಬಾಯಿ. ಬಾಯಿಂದ ಬಾಯಿಗೆ, ಅಂದರೆ ಒಳಗೆ ಕಾಲಿಟ್ಟಾಗಿನಿಂದ ಹೊರಗೆ ಬರುವವರೆಗೆ ಸಂಬಳ ಕೊಡಿ ಎಂಬುದು ಗಣಿಯವರ ಹಳೆಯ ಬೇಡಿಕೆ. ಕೋಲಾರದ ಚಿನ್ನದ ಗಣಿಯಲ್ಲಿ ಹಿರಿಯರು ದುಡಿದ ಮನೆಯವರು ಇಲ್ಲಿ ಯಾರಾದರೂ ಇದ್ದೀರಾ? ಗಣಿಯೊಳಗೆ ಇಳಿಸುವ ತೊಟ್ಟಿಲಲ್ಲಿ (ಲಿಫ್ಟಿನಲ್ಲಿ) ಕೆಳಗಿಳಿದು ಕೆಲಸದ ಜಾಗ ಮುಟ್ಟುವವರೆಗಿನ ಆ ಹೊತ್ತಿಗೆ ಅವರು ಏನನ್ನುತ್ತಿದ್ದರು? ತಮಿಳು, ತೆಲುಗಿನ ಮಾತಾದರೂ ಸರಿ, ತಿಳಿಸಿ.