ಬಂಡೆ ಹತ್ತುವವರ ‘ರೂಟ್’, ‘ಪಿಚ್’ಗೆ ಕನ್ನಡದಲ್ಲಿ ಏನು? (ನಾಳೆಗೇ ಬೇಕು)

ಉಡುಪಿಯಿಂದ:
ಎಲ್ಲರಿಗೂ ನಮಸ್ಕಾರ. ಕಾರ್ಕಳದ ಹತ್ತಿರ ಒಂದು ಪಾದೆಯ ಬುಡದಲ್ಲಿ ನಮ್ಮ ಹುಡುಗರು ಬೋರ್ಡು ಹಾಕಲಿಕ್ಕಿದ್ದಾರೆ. ಪೇಂಟರು ನಾಳೆ ಹತ್ತಕ್ಕೆ ಬರುತ್ತಾರೆ, ಶಬ್ದವೇ ಇನ್ನೂ ಸಿಕ್ಕಿಲ್ಲ. ಒಂದೇ ಬಂಡೆಯಲ್ಲಿ ಮೂರು ‘ರೂಟ್’ ಉಂಟು. ಕಾಲುದಾರಿಯ ಹಾಗೆ ಕಣ್ಣಿಗೆ ಕಾಣುವಂಥದ್ದಲ್ಲ. ಇಲ್ಲೊಂದು ಸೀಳು, ಮೇಲೆ ಬೆರಳ ತುದಿ ಮಾತ್ರ ನಿಲ್ಲುವ ಏಣು, ನಡುನಡುವೆ ಬೋಲ್ಟು. ಅವನ್ನೆಲ್ಲ ಕೂಡಿಸಿಕೊಂಡು ಹತ್ತಿದರೆ ಅದೊಂದು ರೂಟ್. ಮೂರನೆಯದು ಉದ್ದ. 60 ಮೀಟರಿನ ಹಗ್ಗವೂ ಒಂದೇ ಸಲಕ್ಕೆ ಸಾಲದು. ಮಧ್ಯೆ ನಿಂತು, ಬಂಡೆಗೆ ಕಟ್ಟಿಕೊಂಡು, ಕೆಳಗಿನವನನ್ನು ಬರಮಾಡಿಕೊಂಡು ಮತ್ತೆ ಹೊರಡಬೇಕು. ಹೊರಟಲ್ಲಿಂದ ನಿಲ್ಲುವಲ್ಲಿಗೆ ಒಂದು ‘ಪಿಚ್’. ‘ಎರಡು ಪಿಚ್’ ಅಂತ ಬರೆದರೆ ಊರಿನ ಮಕ್ಕಳು ಬ್ಯಾಟು ಹಿಡಿದು ಬಂದಾರು. ದಯವಿಟ್ಟು ಇವತ್ತೇ ತಿಳಿಸಿ.

ಮಂಗಳೂರಿನಿಂದ:
ಶಿಲಾರೋಹಣ ಮಾರ್ಗ. ಪಿಚ್‌ಗೆ ಸೋಪಾನ. ‘ಬಂಡೆಮಾರ್ಗ’ ಅಂತ ಬರೆದುಬಿಡಬೇಡಿ, ಅರಿಸಮಾಸ.

ಬಂಟ್ವಾಳದಿಂದ:
ಮಾಷ್ಟ್ರೇ, ನಮ್ಮಲ್ಲಿ ಮಾರ್ಗ ಅಂದರೆ ಡಾಮರು ಹಾಕಿದ್ದು, ಬಸ್ಸು ಹೋಗುವಂಥದ್ದು. ‘ಮಾರ್ಗದ ಬದಿಯಲ್ಲಿ ನಿಲ್ಲು ಮಾರಾಯ’ ಅಂತ ದಿನಾ ಹೇಳುವವರು ನಾವು. ನಿಮ್ಮ ಬೋರ್ಡು ನೋಡಿದವನು ಬೈಕಿನಲ್ಲೇ ಬರುತ್ತಾನೆ. ‘ಹಾದಿ’ ಆದೀತು, ಪೇಂಟರ ಕೈಯಲ್ಲಿ ದ ಹೋಗಿ ಡ ಆದರೆ ಮಾತ್ರ ಅದು ‘ಹಾಡಿ’, ಅಂದರೆ ಕಾಡು, ಕುಂದಾಪುರದವರು ಸೊಪ್ಪು ತರಲು ಕತ್ತಿ ಹಿಡಿದು ಹೊರಟಾರು. ‘ಹತ್ತುದಾರಿ’ ಅಂದರೆ ಉಳಿದ ಏಳು ಎಲ್ಲಿ ಅಂತ ಕೇಳುತ್ತಾರೆ. ‘ಏರುದಾರಿ’ ಅಂತ ಬರೆಯಿರಿ.

ಪಿಚ್‌ಗೆ ‘ಮಜಲು’. ಪಯಣದಲ್ಲಿ ತಂಗುವ ಜಾಗವೂ ಮಜಲು, ಒಂದು ತಂಗುದಾಣದಿಂದ ಇನ್ನೊಂದಕ್ಕಿರುವ ದೂರವೂ ಮಜಲು. ನಿಂತು, ಕಟ್ಟಿಕೊಂಡು, ಮತ್ತೆ ಹೊರಡುವುದಕ್ಕೆ ಇದು ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ.

ಮಂಗಳೂರಿನಿಂದ:
ಮಜಲು ಅರಬ್ಬಿಯ ಮಂಜಿಲ್. ಕನ್ನಡವಲ್ಲ. ಒಪ್ಪುವುದಿಲ್ಲ.

ಮೂಡುಬಿದಿರೆಯಿಂದ:
ಅರಬ್ಬಿ ಹೇಗಾಯಿತು? ಬೈಲು, ಮಜಲು, ಬೆಟ್ಟು ಅಂತ ನಮ್ಮ ಗದ್ದೆಗಳಿಗೇ ಹೆಸರು. ತಗ್ಗಿನ ಬೈಲಿನಲ್ಲಿ ಮೂರು ಬೆಳೆ, ನಡುವಿನ ಮಜಲಿನಲ್ಲಿ ಎರಡು, ಎತ್ತರದ ಬೆಟ್ಟಿನಲ್ಲಿ ಮಳೆಗಾಲದ್ದೊಂದೇ. ನಡುವಿನ ಮಟ್ಟ ಅನ್ನುವುದರಿಂದಲೇ ಪಯಣದ ನಡುವಿನ ಜಾಗ ಅನ್ನುವ ಅರ್ಥ ಬಂದದ್ದು. ಈ ಮಾತು ಹೇಳುತ್ತಾ ನನಗೆ ಹತ್ತು ವರ್ಷವಾಯಿತು, ಕೇಳುವವರಿಲ್ಲ.

ಬಂಟ್ವಾಳದಿಂದ:
ಕೇಳುವವರಿಲ್ಲದ್ದು ಸುಮ್ಮನೆ ಅಲ್ಲ. ಗದ್ದೆಯ ಮಜಲು ಬೇರೆ, ಪಯಣದ ಮಜಲು ಬೇರೆ. ಉಚ್ಚಾರ ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಬೆಳೆಯುವುದಿಲ್ಲ. ಪಯಣದ್ದು ಮಂಜಿಲೇ, ಅದನ್ನು ಮುಚ್ಚಿಡುವುದು ಯಾಕೆ? ಮಾಷ್ಟ್ರೇ, ಕಿಟೆಲರ ಕೋಶ 1894ರಲ್ಲಿ ಅಚ್ಚಾದದ್ದು ನಿಮ್ಮ ಊರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಹೊರಗಿನಿಂದ ಬಂದದ್ದನ್ನೆಲ್ಲ ಅದರಿಂದ ಹರಿದು ತೆಗೆಯಿರಿ, ಆಮೇಲೆ ಎಷ್ಟು ದಪ್ಪ ಉಳಿಯುತ್ತದೆ ನೋಡುವ. ಅದರಲ್ಲಿ ನಿಮ್ಮ ಸೋಪಾನವೂ ಹೋಗುತ್ತದೆ. ಇಂಗ್ಲಿಷಿನವರೇ ಹಗ್ಗ ಸಿಕ್ಕಿಸುವ ಕೊಂಡಿಗೆ ಕ್ಯಾರಬಿನರನ್ನು ಜರ್ಮನಿನಿಂದಲೂ ಹಗ್ಗ ಹಿಡಿದು ಇಳಿಯುವುದಕ್ಕೆ ರಾಪೆಲನ್ನು ಫ್ರೆಂಚಿನಿಂದಲೂ ಎತ್ತಿ ತಂದು ಆರಾಮವಾಗಿದ್ದಾರೆ.

ಮಂಗಳೂರಿನಿಂದ:
ಸಂಸ್ಕೃತವೂ ಅರಬ್ಬಿಯೂ ಒಂದೇ ಅನ್ನುವವರ ಹತ್ತಿರ ನನಗೆ ಮಾತಿಲ್ಲ.

ಮೂಡುಬಿದಿರೆಯಿಂದ:
ಮಾತಿಲ್ಲ ಅಂತ ಬರೆಯುವುದು ಬೇಡ. ‘ಚಾರಣ’ ಅಂದರೆ ಸಂಸ್ಕೃತದಲ್ಲಿ ಊರೂರು ತಿರುಗಿ ಹೊಗಳಿ ಹಾಡುವವನು. ಅದನ್ನು ಟ್ರೆಕ್ಕಿಂಗಿಗೆ ಅಂಟಿಸಿದಾಗ ಯಾರೂ ಚಕಾರ ಎತ್ತಲಿಲ್ಲ. ಈಗ ಶನಿವಾರ ಬಂದರೆ ಊರಿಡೀ ಚಾರಣ. ಶಬ್ದ ಬೇಕಾದರೆ ಕೋಶ ಮಡಚಿಟ್ಟು ಅಡಿಕೆ ಮರ ಹತ್ತುವವರನ್ನು ಕೇಳಿ. ಎರಡು ಪಾದಕ್ಕೂ ಸೇರಿಸಿ ಹಾಕಿಕೊಳ್ಳುವ ಬಳೆಯಂಥ ಹಗ್ಗಕ್ಕೆ ಅವರು ತಳೆ ಅನ್ನುತ್ತಾರೆ. ಪಾದ ಮರಕ್ಕೆ ಒತ್ತಿದ ಹಾಗೆ ತಳೆ ಬಿಗಿಯುತ್ತದೆ, ಮೈ ಮೇಲೇಳುತ್ತದೆ. ನಿಮ್ಮ ಹುಡುಗರ ಸ್ಲಿಂಗಿಗೆ, ಅಂದರೆ ಬಳೆಯ ಹಾಗೆ ಹೊಲಿದ ಪಟ್ಟಿಗೆ, ಅದನ್ನೇ ಇಡಬಹುದು. ಮಾಗಡಿ ಹತ್ತಿರದ ಸಾವನದುರ್ಗದಲ್ಲಿ ಬಂಡೆ ಹತ್ತುವವರು ತಮ್ಮ ರೂಟಿಗೆ ‘ಬೆಳದಿಂಗಳು’ ಅಂತ ಹೆಸರಿಟ್ಟಿದ್ದಾರೆ. ಅವರು ಯಾವ ಪಂಡಿತರನ್ನು ಕೇಳಿದ್ದರು?

ಉಡುಪಿಯಿಂದ:
ಬೋರ್ಡು ಆಯಿತು, ಎಲ್ಲರಿಗೂ ಉಪಕಾರವಾಯಿತು. ಏರುದಾರಿ 1, 2, 3. ಮೂರನೆಯದರ ಕೆಳಗೆ ‘ಎರಡು ಮಜಲು’ ಅಂತ ಬರೆಸಿದ್ದೆ. ಬಣ್ಣ ಒಣಗುವ ಮೊದಲೇ ಕೆಳಗಿನ ಮನೆಯ ಅಜ್ಜಿ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿ, ‘ಈ ಕಲ್ಲಿನ ಮೇಲೆ ಯಾರ ಗದ್ದೆ ಉಂಟು ಮಗಾ?’ ಅಂದರು. ಪೇಂಟರು ನನ್ನ ಮುಖ ನೋಡಿದರು. ಮಜಲು ಅಳಿಸಿ ‘ಹಂತ’ ಮಾಡಿಸಿದೆ. ಅಳಿಸಿದ್ದಕ್ಕೆ ಇನ್ನೂರು ರೂಪಾಯಿ ಬೇರೆ.

ಮಂಗಳೂರಿನಿಂದ:
ಹಂತ ಅಡ್ಡಿಯಿಲ್ಲ. ಬೋರ್ಡು ಅಲ್ಲ, ಹಲಗೆ.