ಸಹಾಯ ಬೇಕು: ಬೆಳ್ಳಿ ಲೇಪನದ ಹಳೆಯ ಮಸಿಕುಡಿಕೆಯನ್ನು ಶುಚಿಗೊಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತೀರಿಕೊಂಡ ನಮ್ಮ ಸೋದರಮಾವನವರ ಮೇಜಿನ ಮೇಲೆ ಬಹುಕಾಲದಿಂದ ಇದ್ದ ಮಸಿಕುಡಿಕೆಯೊಂದು ಈಗ ನನ್ನ ಪಾಲಿಗೆ ಬಂದಿದೆ. ಒಳಗೆ ದಪ್ಪ ಗಾಜಿನ ಬಟ್ಟಲು, ಹೊರಗೆ ಲೋಹದ ಕವಚ, ಮೇಲೊಂದು ಕೀಲಿರುವ ಮುಚ್ಚಳ. ತಳದಲ್ಲಿ ‘ಇಪಿಎನ್ಎಸ್’ ಎಂಬ ಮುದ್ರೆ ಇರುವುದರಿಂದ ಇದು ಅಪ್ಪಟ ಬೆಳ್ಳಿಯಲ್ಲ, ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹಕ್ಕೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಪದರ ಕೊಟ್ಟದ್ದು ಎಂಬುದು ಸ್ಪಷ್ಟ. ಈ ಬಗೆಯ ಲೇಪನಕ್ಕೆ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಮನೆತನದವರು ಪೇಟೆಂಟ್ ಪಡೆದದ್ದು 1840ರಲ್ಲಾದ್ದರಿಂದ, ವಸ್ತು ಅದಕ್ಕಿಂತ ಹಳೆಯದಿರಲಾರದು.

ಮುಚ್ಚಳದ ಅಂಚನ್ನು ಪಾಲಿಶ್ ಹಚ್ಚಿ ಒಂದೆರಡು ಸಲ ಉಜ್ಜಿದೆ. ಕಪ್ಪು ಹೋಯಿತು, ಅದರೊಡನೆ ಬೆಳ್ಳಿಯೂ ಸವೆದು ಉಗುರಿನಷ್ಟಗಲ ಹಳದಿ ಲೋಹ ಇಣುಕಿತು. ಆತುರ ನನ್ನದೇ, ಅಲ್ಲಿಗೇ ನಿಲ್ಲಿಸಿದ್ದೇನೆ. ಬೆಳ್ಳಿಯ ಮೇಲಿನ ಕಪ್ಪು ಗಂಧಕದ ಸಂಪರ್ಕದಿಂದಾದ ಸಲ್ಫೈಡ್ ಆಗಿರುವುದರಿಂದ, ಅಲ್ಯೂಮಿನಿಯಂ ಹಾಳೆಯ ಮೇಲಿಟ್ಟು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಅದ್ದಿದರೆ ಉಜ್ಜದೆಯೇ ಹೋಗುತ್ತದೆಂದು ಬಲ್ಲೆ. ಆದರೆ ಪದರ ಸವೆದಿರುವ ವಸ್ತುವಿಗೆ, ಅದರಲ್ಲೂ ಗಾಜು ಕವಚಕ್ಕೆ ಕಚ್ಚಿಕೊಂಡಿರುವಾಗ, ಇದನ್ನು ಮಾಡಬಹುದೇ?

ಗಾಜಿನ ತಳದಲ್ಲಿ ಗಟ್ಟಿಯಾದ ಮಸಿಯ ಹೊಪ್ಪಳಿಕೆಯೂ ಇದೆ. ಹಿಂದಿನ ಕಾಲದ, ಕಬ್ಬಿಣದ ಲವಣ ಬೆರೆಸಿದ ಬರೆಯುವ ಮಸಿ ಆಮ್ಲೀಯವಾದ್ದರಿಂದ, ಅದನ್ನು ನೆನೆಸಿದ ನೀರು ಲೋಹಕ್ಕೆ ತಾಗದಂತೆ ತೆಗೆಯುವ ಉಪಾಯ ಬೇಕು. ಮಾರುವ ಉದ್ದೇಶವಿಲ್ಲ, ಹೊಳಪೂ ಮುಖ್ಯವಲ್ಲ. ಮರುಲೇಪನ ಮಾಡಿಸಿದರೆ ಮಾವನವರ ಬೆರಳು ತಾಗಿ ಸವೆದ ಗುರುತುಗಳೂ ಅಳಿಸುತ್ತವೆಂಬ ಅಳುಕಿದೆ. ಇಂಥದ್ದನ್ನು ಸ್ವತಃ ಶುಚಿಗೊಳಿಸಿದವರು ದಯವಿಟ್ಟು ತಿಳಿಸಿ.