ಪ್ರೋಬಯಾಟಿಕ್ ಹಾಕಿ ಹಾಕಿ ಸಾಕಾಯ್ತು, ಬೆಕ್ಕಿನ ಭೇದಿ ನಿಲ್ತಿಲ್ಲ. ಎಂಜೈಮ್ ಶುರು ಮಾಡ್ಲಾ?

ಬೂದಿಬಾಲ:
ಪುಡಿ ಬದಲಾಯಿಸಿದೆ, ಕಂಪನಿ ಬದಲಾಯಿಸಿದೆ, ಫುಡ್ ಕೂಡ ಬದಲಾಯಿಸಿದೆ. ನಾಲ್ಕು ದಿನ ಸರಿ ಇರತ್ತೆ, ಮತ್ತೆ ಅದೇ ಗೋಳು. ತಪ್ಪದೆ ಊಟದಲ್ಲಿ ಬೆರೆಸಿ ಕೊಡ್ತಾನೇ ಇದೀನಿ. ಮೆಡಿಕಲ್ ಶಾಪ್‌ನವರು ಜೀರ್ಣ ಆಗ್ತಿಲ್ಲ, ಎಂಜೈಮ್ ಡ್ರಾಪ್ಸ್ ಹಾಕಿ ಅಂತಿದಾರೆ. ಯಾವ ಎಂಜೈಮ್, ಎಷ್ಟು ಹನಿ, ಊಟಕ್ಕೆ ಮುಂಚೆಯೋ ಆಮೇಲೋ? ನೇರವಾಗಿ ಹೇಳಿ. ಡಾಕ್ಟರ್ ಹತ್ರ ಹೋಗಿ ಅನ್ನೋ ಉತ್ತರ ಮಾತ್ರ ಬೇಡ, ಹೋಗಿ ಬಂದಾಗಿದೆ.

ಕುಡ್ಲದ_ಪುಚ್ಚೆ:
ಎಂಜೈಮ್ ಎಲ್ಲ ಯಾಕೆ ಮಾರಾಯ್ರೆ? ಮನೆಯ ಮೊಸರು ದಿನಕ್ಕೊಂದು ಚಮಚ ಕೊಡಿ. ಅದರಲ್ಲಿ ಬೇಕಾದಷ್ಟು ಒಳ್ಳೆ ಬ್ಯಾಕ್ಟೀರಿಯಾ ಉಂಟು. ಪೊಟ್ಟಣಕ್ಕೆ ದುಡ್ಡು ಸುರಿಯುವುದು ಸುಮ್ಮನೆ ದಂಡ.

ಗುಂಡುಬೆಕ್ಕು_ಹುಬ್ಬಳ್ಳಿ:
ಇದು ಪಕ್ಕಾ ಪ್ಯಾಂಕ್ರಿಯಾಸ್ ಕೇಸ್ ಐತ್ರಿ. ಇಪಿಐ ಅಂತಾರ. ಪ್ಯಾಂಕ್ರಿಯಾಸ್ ಅಂದ್ರ ಮೇದೋಜೀರಕ ಗ್ರಂಥಿ, ಅದು ಎಂಜೈಮ್ ಬಿಡಂಗಿಲ್ಲ, ತಿಂದದ್ದು ಕರಗಂಗಿಲ್ಲ, ಹಂಗ ಹೊರಗ ಬರ್ತೈತಿ. ಪ್ರೋಬಯಾಟಿಕ್ ಎಷ್ಟು ಸುರಿದ್ರೂ ಉಪಯೋಗಿಲ್ಲ.

ಆದ್ರ ಆ ಡ್ರಾಪ್ಸ್ ತಗೋಬ್ಯಾಡ್ರಿ. ಅದು ಸಣ್ಣ ಹುಡುಗ್ರ ಗ್ಯಾಸಿಗೆ ಕೊಡೂದು. ಫಂಗಲ್ ಡಯಾಸ್ಟೇಸ್ ಅನ್ನದ ಪಿಷ್ಟ ಒಡೀತೈತಿ, ಪಪೈನ್ ಒಂದಿಷ್ಟು ಪ್ರೋಟೀನ್ ಒಡೀತೈತಿ. ಕೊಬ್ಬು ಒಡಿಯೂ ಲೈಪೇಸ್ ಎಲ್ಲೈತಿ? ನಿಮಗ ಬೇಕಾದದ್ದು ಹಂದಿ ಪ್ಯಾಂಕ್ರಿಯಾಸಿನಿಂದ ಮಾಡಿದ ಪ್ಯಾಂಕ್ರಿಯಾಟಿನ್ ಪುಡಿ. ಲೈಪೇಸ್, ಪ್ರೋಟಿಯೇಸ್, ಅಮೈಲೇಸ್ ಮೂರೂ ಇರ್ಬೇಕು. ಒಂದೊಂದು ಊಟಕ್ಕ ಅರ್ಧ ಟೀ ಚಮಚದಿಂದ ಒಂದು ಟೀ ಚಮಚ. ಹಸಿ ಫುಡ್‌ನಾಗ ಗಂಟಿಲ್ದಂಗ ಕಲಸ್ರಿ. ಒಣ ಪುಡಿ ಬಾಯಾಗ ಉಳಿದ್ರ ನಾಲಿಗಿ, ತುಟಿ ಹುಣ್ಣಾಗಿ ರಕ್ತ ಬರ್ತೈತಿ. ನೀವೂ ಮೂಗಿಗೆ ಬಟ್ಟಿ ಕಟ್ಕೊಂಡ ಸುರೀರಿ, ಒಳಗ ಹೋದ್ರ ಉರೀತೈತಿ. ಬಿಸಿ ಊಟಕ್ಕ ಹಾಕಿದ್ರ ಎಂಜೈಮ್ ಸತ್ತು ಹೋಗ್ತೈತಿ.

ಮನುಷ್ಯರ ಕ್ಯಾಪ್ಸೂಲ್ ಇಡೀ ನುಂಗಿಸಬ್ಯಾಡ್ರಿ. ಅದರಾಗಿನ ಕಾಳಿಗೆ ಕೋಟಿಂಗ್ ಇರ್ತೈತಿ. ಊಟ ಕರುಳಿಗೆ ಹೋದಮ್ಯಾಗೂ ಆ ಕಾಳು ಹೊಟ್ಯಾಗ ಉಳೀತಾವ. ಎರಡೂ ಒಟ್ಟಿಗೆ ಸೇರಂಗಿಲ್ಲ.

ಸ್ಲೈಡ್_ಕವರ್‌ಸ್ಲಿಪ್:
ಪುಡಿ ಬೆರೆಸುವ ಕ್ರಮ ಹುಬ್ಬಳ್ಳಿಯವರು ಸರಿಯಾಗಿ ಹೇಳಿದ್ದಾರೆ. ಆದರೆ ಇದು ಇಪಿಐ ಅನ್ನೋದಕ್ಕೆ ಇಲ್ಲಿವರೆಗೆ ಒಂದು ಸಾಕ್ಷಿಯೂ ಇಲ್ಲ.

ಬೂದಿಬಾಲ ಅವರೇ, ಇಷ್ಟು ಬರೆಯಿರಿ. ವಯಸ್ಸು, ತಳಿ, ತೂಕ ಇಳಿಯುತ್ತಿದೆಯೋ ಇಲ್ಲವೋ. ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಪ್ರತಿ ಸಲ ರಾಶಿಯೋ ಸ್ವಲ್ಪವೋ. ಲೋಳೆ, ಕೆಂಪು ರಕ್ತ, ತಿಣುಕುವುದು ಇದೆಯೋ. ಪುಡಿಯ ಮೇಲೆ ಬರೆದ ಸ್ಟ್ರೇನ್ (ಬ್ಯಾಕ್ಟೀರಿಯಾದ ಉಪಬಗೆ) ಯಾವುದು, ಸಿಎಫ್‌ಯು (ಜೀವಂತ ಬ್ಯಾಕ್ಟೀರಿಯಾ ಎಣಿಕೆ) ಎಷ್ಟು. ಬೇರೆ ಯಾವ ಔಷಧಿ ನಡೆದಿದೆ. ಮನೆಯಲ್ಲಿ ಇನ್ನೊಂದು ಬೆಕ್ಕು ಇದೆಯೋ.

ಲೋಳೆ ಯಾಕೆ ಕೇಳಿದೆ ಅಂದರೆ, ಸಣ್ಣ ಕರುಳಿನ ತೊಂದರೆಯಲ್ಲಿ ಮಲ ರಾಶಿ ಬರುತ್ತದೆ, ತೂಕ ಇಳಿಯುತ್ತದೆ. ದೊಡ್ಡ ಕರುಳಿನದಾದರೆ ಸ್ವಲ್ಪ ಸ್ವಲ್ಪ, ಪದೇ ಪದೇ, ಅವಸರ, ಲೋಳೆ, ಕೊನೆಯಲ್ಲಿ ಒಂದೆರಡು ಹನಿ ಕೆಂಪು ರಕ್ತ. ಇಪಿಐ ಮೊದಲನೆಯ ಗುಂಪಿನದು.

ಮಲೆನಾಡ_ಮಾರ್ಜಾಲ:
ಡ್ರಾಪ್ಸ್ ಬಗ್ಗೆ ಇನ್ನೊಂದು ಮಾತು. ಮಕ್ಕಳ ಗ್ಯಾಸ್ ಡ್ರಾಪ್ಸ್ ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಸಬ್ಬಸಿಗೆ ಎಣ್ಣೆ, ಸೋಂಪಿನ ಎಣ್ಣೆ ಇರುತ್ತೆ. ಇಂಥ ಸುಗಂಧ ತೈಲಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕೋದಿಲ್ಲ. ದಯವಿಟ್ಟು ಹಾಕಬೇಡಿ.

ಮೊಸರಿನ ವಿಷಯ: ಕುಡ್ಲದವರು ಹೇಳಿದ ಹಾಗೆ ಬ್ಯಾಕ್ಟೀರಿಯಾ ಸಂಖ್ಯೆ ಮೊಸರಲ್ಲೂ ಕಡಿಮೆ ಏನಿಲ್ಲ. ಆದರೆ ಯಾವ ಸ್ಟ್ರೇನ್ ಅಂತ ಗೊತ್ತಿಲ್ಲ, ಪ್ರತಿ ಹೆಪ್ಪಿಗೂ ಬೇರೆ. ಜೊತೆಗೆ ಹಾಲಿನ ಪ್ರೋಟೀನ್, ಕೊಬ್ಬು, ಉಳಿದ ಲ್ಯಾಕ್ಟೋಸ್. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಲ್ಯಾಕ್ಟೋಸ್ ಅರಗೋದಿಲ್ಲ. ಭೇದಿ ಇರೋವಾಗ ಪ್ರಯೋಗಕ್ಕೆ ಅದು ಬೇಡ.

ಕುಡ್ಲದ_ಪುಚ್ಚೆ:
ನಮ್ಮಲ್ಲಿ ಎಲ್ಲ ಬೆಕ್ಕೂ ಮೀನು, ಮೊಸರನ್ನ ತಿಂದೇ ಬೆಳೆದದ್ದು. ಒಂದಕ್ಕೂ ಏನೂ ಆಗಲಿಲ್ಲ.

ಮಲೆನಾಡ_ಮಾರ್ಜಾಲ:
ಆರೋಗ್ಯವಾಗಿರೋ ಬೆಕ್ಕಿಗೆ ಅರಗೋದು ಬೇರೆ, ಕರುಳು ಕೆಟ್ಟಿರೋ ಬೆಕ್ಕಿಗೆ ಔಷಧಿ ಅಂತ ಕೊಡೋದು ಬೇರೆ.

ನಾಲ್ಕು_ಟ್ರೇ:
ಎಲ್ಲರೂ ಮರೆತ ಒಂದು ಸಂಗತಿ: ಕೋಲ್ಡ್ ಚೈನ್. ಪ್ರೋಬಯಾಟಿಕ್ ಹೊರಗಿಟ್ಟರೆ ಅರ್ಧ ಸತ್ತಿರುತ್ತೆ. ನಮ್ಮಲ್ಲಿ ಇದಕ್ಕೇ ಬೇರೆ ಸಣ್ಣ ಫ್ರಿಜ್, 4 ಡಿಗ್ರಿಗೆ ಸೆಟ್, ಒಳಗೆ ಡಿಜಿಟಲ್ ಥರ್ಮಾಮೀಟರ್, ಕರೆಂಟ್ ಹೋದರೆ ಯುಪಿಎಸ್. ಎರಡು ಆಟೋ ಫೀಡರ್, ಮೈಕ್ರೋಚಿಪ್ ಓದಿ ಮುಚ್ಚಳ ತೆಗೆಯೋದು, ಒಂದರ ಊಟಕ್ಕೆ ಇನ್ನೊಂದು ಬಾಯಿ ಹಾಕಲ್ಲ. ಟ್ರೇ ಕೆಳಗೆ ತೂಕದ ಸ್ಕೇಲ್ ಬೇರೆ ಇದೆ. ಫೋಟೋ ಬೇಕಾದರೆ ಹಾಕ್ತೀನಿ.

ಮಲೆನಾಡ_ಮಾರ್ಜಾಲ:
ಎಲ್ಲಾ ಪುಡಿಗೂ ಫ್ರಿಜ್ ಬೇಕಿಲ್ಲ. ಪೊಟ್ಟಣದ ಮೇಲೆ ಬರೆದಿರೋದನ್ನ ಪಾಲಿಸಿ. ಬೆಕ್ಕಿಗೆ ಅಂತ ಸಿಗೋ ಎಂಟೆರೋಕಾಕಸ್ ಫೀಸಿಯಮ್ ಎಸ್‌ಎಫ್68 ಒಂದು ಗ್ರಾಂ ಪೊಟ್ಟಣ, ಗ್ರಾಂಗೆ 10 ಕೋಟಿ ಸಿಎಫ್‌ಯು, ಒಣ ಜಾಗದಲ್ಲಿ ಹೊರಗೇ ಇಡಬಹುದು. ಬ್ಯಾಸಿಲಸ್ ಕ್ಲಾಸಿಯೈ 5 ಎಂಎಲ್ ಸೀಸೆ ಸ್ಪೋರ್ ರೂಪದ್ದು, ಅಂದರೆ ಬಿಸಿ ತಡೆಯೋ ಗಟ್ಟಿ ಕವಚದ್ದು, 200 ಕೋಟಿ ಸ್ಪೋರ್, ಅದಕ್ಕೂ ಫ್ರಿಜ್ ಬೇಡ. ಲ್ಯಾಕ್ಟೋಬ್ಯಾಸಿಲಸ್, ಬಿಫಿಡೋ ಮಿಶ್ರಣ ಕೆಲವಕ್ಕೆ ಮಾತ್ರ ಫ್ರಿಜ್ ಬೇಕು. ಮಳೆಗಾಲದಲ್ಲಿ ನಿಜವಾದ ಶತ್ರು ತೇವ. ಅರ್ಧ ಪೊಟ್ಟಣ ಮಡಚಿಟ್ಟು ಮರುದಿನ ಹಾಕೋದು, ಒದ್ದೆ ಚಮಚ ಡಬ್ಬಿಗೆ ಅದ್ದೋದು, ಇದರಿಂದಲೇ ಹಾಳಾಗೋದು ಹೆಚ್ಚು.

ನಾಲ್ಕು_ಟ್ರೇ:
ಫ್ರಿಜ್‌ನಲ್ಲಿಟ್ಟರೆ ನಷ್ಟ ಏನಿದೆ?

ಮಲೆನಾಡ_ಮಾರ್ಜಾಲ:
ತಣ್ಣಗಿನ ಪೊಟ್ಟಣ ಹೊರಗೆ ತೆಗೆದ ಕೂಡಲೇ ಬಿಚ್ಚಿದರೆ ಒಳಗೆ ನೀರು ಹಿಡಿಯುತ್ತೆ. ನಷ್ಟ ಅದೇ.

ಬೂದಿಬಾಲ:
ನಾನು ಕೇಳಿದ್ದು ಎಂಜೈಮ್, ನೀವು ಫ್ರಿಜ್ ಮಾತಾಡ್ತಿದೀರಿ! ಸರಿ, ಬರೀತೀನಿ. ಪರ್ಷಿಯನ್, ಬ್ರೀಡರ್ ಕಡೆಯಿಂದ ತಂದಿದ್ದು, ವರ್ಷ ತುಂಬಿದೆ, 4 ಕೆಜಿ. ತೂಕ ಇಳಿದಿಲ್ಲ, ಆಟ ಊಟ ಎಲ್ಲ ಸರಿಯಾಗಿದೆ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ, ಹಸುವಿನ ಸಗಣಿ ಥರ ಮೆತ್ತಗೆ, ಲೋಳೆ, ಆಗಾಗ ರಕ್ತ. ಕೆಲವು ಸಲ ಮಲಗಿದ ಜಾಗದಲ್ಲೇ ಸೋರತ್ತೆ. ಪುಡಿ ಎಸ್‌ಎಫ್68. ಅಮಾಕ್ಸಿಕ್ಲಾವ್, ಮೆಟ್ರೋನಿಡಜೋಲ್ ಎರಡೂ ಆಂಟಿಬಯಾಟಿಕ್ ಆಗಿದೆ. ಪುಡಿ, ಮಾತ್ರೆ ಒಟ್ಟಿಗೇ ಚಿಕನ್ ಸಾರಿಗೆ ಹಾಕ್ತಿದ್ದೆ. ಮೆಟ್ರೋ ನಡೀತಿದ್ದಾಗ ಗಟ್ಟಿ ಆಗಿತ್ತು, ನಿಲ್ಲಿಸಿದ ಮೇಲೆ ಮತ್ತೆ ಶುರು.

ಮಲೆನಾಡ_ಮಾರ್ಜಾಲ:
ಸಾರು ಬಿಸಿ ಇತ್ತೇ? ಎಸ್‌ಎಫ್68 ಸ್ಪೋರ್ ಅಲ್ಲ, ಬಿಸಿಗೆ ಸಾಯುತ್ತೆ. ಬೆರಳಿಟ್ಟರೆ ಬೆಚ್ಚಗೂ ಅನ್ನಿಸದಷ್ಟು ಆರಿದ ಮೇಲೆ ಹಾಕಬೇಕು. ಬ್ಯಾಕ್ಟೀರಿಯಾದ ಪ್ರೋಬಯಾಟಿಕ್‌ಗೂ ಆಂಟಿಬಯಾಟಿಕ್‌ಗೂ ಕನಿಷ್ಠ 2 ಗಂಟೆ ಅಂತರ ಬೇಕು. ಅಮಾಕ್ಸಿಕ್ಲಾವ್ ಜೊತೆ ಬೆರೆಸಿದರೆ ಪುಡಿಯ ಬ್ಯಾಕ್ಟೀರಿಯಾವನ್ನ ಅದು ಸಾಯಿಸಬಹುದು. ಆಂಟಿಬಯಾಟಿಕ್ ನಡೀತಿರುವಾಗ ಸ್ಯಾಕರೋಮೈಸಿಸ್ ಬೌಲಾರ್ಡಿ ಒಂದು ದಾರಿ. ಅದು ಯೀಸ್ಟ್, ಬ್ಯಾಕ್ಟೀರಿಯಾ ಔಷಧಿಗೆ ಸಾಯೋದಿಲ್ಲ. ಆದರೆ ಮನುಷ್ಯರ 250 ಮಿಗ್ರಾಂ ಪೊಟ್ಟಣ ಪೂರ್ತಿ ಸುರೀಬೇಡಿ. ಸ್ಟೀರಾಯ್ಡ್ ತಗೊಳ್ಳೋ ಬೆಕ್ಕಿಗಂತೂ ವೈದ್ಯರನ್ನ ಕೇಳದೆ ಬೇಡವೇ ಬೇಡ. ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ ತಾನೇ?

ಗುಂಡುಬೆಕ್ಕು_ಹುಬ್ಬಳ್ಳಿ:
ಸಗಣಿ ಥರ ಅಂದ್ರಲ್ಲ, ಅದ ನೋಡ್ರಿ, ಜೀರ್ಣ ಆಗಿಲ್ಲ. ತೂಕ ಇಳಿದಿಲ್ಲ ಅಂದ್ರ ಶುರುವಿನ ಹಂತ ಇರ್ಬೇಕು. ಎರಡು ವಾರ ಪ್ಯಾಂಕ್ರಿಯಾಟಿನ್ ಹಾಕಿ ನೋಡ್ರಿ, ಸರಿಹೋದ್ರ ಇಪಿಐ ಅಂತ ಖಾತ್ರಿ.

ಸ್ಲೈಡ್_ಕವರ್‌ಸ್ಲಿಪ್:
ಹಾಗೆ ಖಾತ್ರಿ ಆಗುವುದಿಲ್ಲ ಸರ್. ಈ ಬೆಕ್ಕಿನ ಭೇದಿ ನಡುನಡುವೆ ತಾನೇ ಕಡಿಮೆ ಆಗುತ್ತಿದೆ. ಆ ಹೊತ್ತಿಗೆ ಯಾವ ಪುಡಿ ಬಟ್ಟಲಲ್ಲಿದ್ದರೂ ಹೆಸರು ಅದಕ್ಕೇ ಹೋಗುತ್ತದೆ. ಇಪಿಐ ಖಾತ್ರಿ ಮಾಡಲು ಎಫ್‌ಟಿಎಲ್‌ಐ ರಕ್ತ ಪರೀಕ್ಷೆ ಇದೆ. 12 ಗಂಟೆ ಉಪವಾಸ ಇಟ್ಟು ರಕ್ತ ತೆಗೆಯಬೇಕು. ಸಾಮಾನ್ಯ ಮಟ್ಟ ಲೀಟರಿಗೆ 12ರಿಂದ 82 ಮೈಕ್ರೋಗ್ರಾಂ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇಪಿಐ. ನಡುವೆ ಬಂದರೆ ಕೆಲವು ವಾರ ಬಿಟ್ಟು ಮತ್ತೆ. ಅದು ಇದ್ದರೂ ಎಂಜೈಮ್ ಒಂದರಿಂದ ಮುಗಿಯುವುದಿಲ್ಲ. ಬಿ12 ಕುಸಿದಿರುವುದು ತುಂಬಾ ಸಾಮಾನ್ಯ, ಅದನ್ನು ತುಂಬದಿದ್ದರೆ ಎಂಜೈಮ್ ಹಾಕಿಯೂ ಬೆಕ್ಕು ಚೇತರಿಸಿಕೊಳ್ಳುವುದಿಲ್ಲ. ಚರ್ಮದಡಿ 250 ಮೈಕ್ರೋಗ್ರಾಂ, ವಾರಕ್ಕೊಂದರಂತೆ 6 ವಾರ ಕೊಡುತ್ತಾರೆ. ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಅದರ ಬದಲಿಗೆ ಆಗದು, ಬಿ12 ಅದರಲ್ಲಿ ಸಾಲದು, ಚುಚ್ಚಿದರೆ ನೋವೂ ಹೆಚ್ಚು.

ಈಗ ಈ ಬೆಕ್ಕಿಗೆ ಬರುತ್ತೇನೆ. ಎಳೆಯ ವಯಸ್ಸು, ಪರ್ಷಿಯನ್, ಹಲವು ಬೆಕ್ಕುಗಳಿದ್ದ ಜಾಗದಿಂದ ಬಂದದ್ದು, ತೂಕ ಸರಿ, ಲೋಳೆ, ರಕ್ತ, ತಡೆಯಲಾಗದೆ ಸೋರುವುದು, ಆಂಟಿಬಯಾಟಿಕ್ ನಿಲ್ಲಿಸಿದ ಮೇಲೆ ಮರಳುವುದು. ನಾನಾದರೆ ಮೊದಲು ಟ್ರೈಟ್ರೈಕೊಮೊನಾಸ್ ಹುಡುಕುತ್ತೇನೆ, ಜೊತೆಗೆ ಜಿಯಾರ್ಡಿಯಾ. ಎರಡೂ ಏಕಕೋಶ ಪರಾವಲಂಬಿ. ಮೆಟ್ರೋನಿಡಜೋಲ್‌ನಿಂದ ಟ್ರೈಟ್ರೈಕೊಮೊನಾಸ್‌ನ ಲಕ್ಷಣ ತಗ್ಗಬಹುದು, ಆದರೆ ಅದು ಹೋಗುವುದಿಲ್ಲ.

ಸ್ಲೈಡ್_ಕವರ್‌ಸ್ಲಿಪ್:
ಸ್ಯಾಂಪಲ್ ಹೀಗೆ ಕೊಡಿ. ಆಂಟಿಬಯಾಟಿಕ್ ನಿಂತು ಒಂದು ವಾರ ಆಗಿರಬೇಕು. ಗಟ್ಟಿ ಮಲ ಬೇಡ, ಮೆತ್ತಗಿನದೇ ಬೇಕು. ಟ್ರೇಯಲ್ಲಿ ಆ ದಿನ ಲಿಟರ್ (ಬೆಕ್ಕಿನ ಮಲಕ್ಕೆ ಹಾಸುವ ಮರಳು) ಹಾಕದೆ ಬರೀ ಪ್ಲಾಸ್ಟಿಕ್ ಹಾಳೆ ಹಾಸಿ. ಲಿಟರ್ ಅಂಟಿದ ಮಲ ಪಿಸಿಆರ್‌ಗೆ (ಪರಾವಲಂಬಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಕೆಡುತ್ತದೆ. ಸ್ಲೈಡ್‌ನಲ್ಲಿ ನೋಡುವುದಾದರೆ ಆದಷ್ಟು ಬೇಗ ತಲುಪಿಸಿ, ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ತಣ್ಣಗಾದರೆ ಟ್ರೈಟ್ರೈಕೊಮೊನಾಸ್ ಸಾಯುತ್ತದೆ. ಒಂದು ಹನಿ ಸಲೈನ್‌ನಲ್ಲಿ ಕಲಸಿ, ಕವರ್‌ಸ್ಲಿಪ್ ಮುಚ್ಚಿ, 40ರ ಲೆನ್ಸ್‌ನಲ್ಲಿ ನೋಡಿದಾಗ ಜಿಯಾರ್ಡಿಯಾ ಉದುರುವ ಎಲೆಯ ಹಾಗೆ ಹೊರಳುತ್ತ ಸಾಗುತ್ತದೆ. ಟ್ರೈಟ್ರೈಕೊಮೊನಾಸ್ ಝಟ್ ಝಟ್ ಅಂತ ಮುಂದಕ್ಕೆ ನುಗ್ಗುತ್ತದೆ, ಪಕ್ಕದಲ್ಲಿ ಅಲೆಯ ಹಾಗೆ ಅದುರುವ ಪೊರೆ ಕಾಣುತ್ತದೆ. ಅವಸರದಲ್ಲಿ ನೋಡಿದವರು ಒಂದನ್ನು ಇನ್ನೊಂದು ಅಂತ ಬರೆಯುವುದು ಮಾಮೂಲು. ಸ್ಲೈಡ್‌ನಲ್ಲಿ ಕಾಣದಿದ್ದರೆ ಇಲ್ಲ ಅಂತ ಅರ್ಥವಲ್ಲ, ಪಿಸಿಆರ್ ಕೇಳಿ. ಬೆಂಗಳೂರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ, ಹೊರಡುವ ಮೊದಲು ಫೋನ್ ಮಾಡಿ.

ನಿರ್ವಾಹಕರು:
ಮೊಸರು ಮತ್ತು ಫ್ರಿಜ್ ಚರ್ಚೆಗೆ ಬೇರೆ ಎಳೆ ತೆರೆಯಲಾಗಿದೆ. ಇಲ್ಲಿ ಈ ಬೆಕ್ಕಿನ ವಿಷಯ ಮಾತ್ರ ಬರೆಯಿರಿ.

ಬೂದಿಬಾಲ:
ಸ್ಯಾಂಪಲ್ ಕೊಟ್ಟು ಬಂದೆ. ಸ್ಲೈಡ್ ನೋಡಿ "ಜಿಯಾರ್ಡಿಯಾ ಥರ ಇದೆ" ಅಂದ್ರು, ಆದ್ರೆ ಜಿಯಾರ್ಡಿಯಾ ಕಿಟ್ ಟೆಸ್ಟ್ ನೆಗೆಟಿವ್. ಪಿಸಿಆರ್‌ಗೆ ಕಳಿಸಿದಾರೆ. ಇನ್ನೊಂದು ಬೆಕ್ಕೂ ಇದೆ, ಅದೇ ಟ್ರೇ ಬಳಸತ್ತೆ, ಅದಕ್ಕೆ ಭೇದಿ ಇಲ್ಲ, ಹಾಗಾಗಿ ಬರೆದಿರ್ಲಿಲ್ಲ. ರಿಪೋರ್ಟ್ ಬರೋವರೆಗೆ ಏನು ಮಾಡ್ಲಿ? ಪರಿಚಯದವರೊಬ್ಬರು ಪಾರಿವಾಳಕ್ಕೆ ಕೊಡೋ ರೊನಿಡಜೋಲ್ ಅನ್ನೋ ಔಷಧಿ ಪುಡಿ ಇದೆ ಅಂತಿದಾರೆ.

ಸ್ಲೈಡ್_ಕವರ್‌ಸ್ಲಿಪ್:
ಆ ಪುಡಿ ಮುಟ್ಟಬೇಡಿ. ಟ್ರೈಟ್ರೈಕೊಮೊನಾಸ್‌ಗೆ ರೊನಿಡಜೋಲ್ ಪ್ರಮಾಣ ಕೆಜಿಗೆ 30 ಮಿಗ್ರಾಂ, ದಿನಕ್ಕೊಮ್ಮೆ, 14 ದಿನ. ನಿಮ್ಮ 4 ಕೆಜಿ ಬೆಕ್ಕಿಗೆ 120 ಮಿಗ್ರಾಂ. ಪಾರಿವಾಳದ ಪುಡಿ ಶೇಕಡಾ 5ರದ್ದಾದರೆ ಅದು 2.4 ಗ್ರಾಂ, ಶೇಕಡಾ 10ರದ್ದಾದರೆ 1.2 ಗ್ರಾಂ. ಡಬ್ಬಿ ಸರಿಯಾಗಿ ಓದದೆ ಅಳೆದರೆ ನೇರ ದುಪ್ಪಟ್ಟು. ಹೆಚ್ಚಾದರೆ ನರಕ್ಕೆ ಹೊಡೆಯುತ್ತದೆ: ಊಟ ಬಿಡುವುದು, ಹಿಂಗಾಲು ಓಲಾಡುವುದು, ಫಿಟ್ಸ್. ಖಾತ್ರಿಯಾದ ಮೇಲೆ ವೈದ್ಯರೇ ತೂಕ ನೋಡಿ ಕ್ಯಾಪ್ಸೂಲ್ ಮಾಡಿಸಿ ಕೊಡಬೇಕು. ತುಂಬಾ ಕಹಿ, ಊಟದಲ್ಲಿ ಬೆರೆಸಿದರೆ ತಿನ್ನುವುದಿಲ್ಲ. ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಇನ್ನೊಂದು ಬೆಕ್ಕಿಗೂ ಪಿಸಿಆರ್ ಮಾಡಿಸಿ, ಭೇದಿ ಇಲ್ಲದೆಯೂ ಹೊತ್ತುಕೊಂಡಿರಬಹುದು.

ಮಲೆನಾಡ_ಮಾರ್ಜಾಲ:
ಅಲ್ಲಿವರೆಗೆ: ಒಂದೇ ಫುಡ್, ಒಂದೇ ಪ್ರೋಬಯಾಟಿಕ್, ದಿನಕ್ಕೆ ಒಂದು ಪೊಟ್ಟಣ, ಆರಿದ ಊಟದ ಮೇಲೆ. ಎಂಜೈಮ್ ಬೇಡ. ಇಸಬ್‌ಗೋಲ್ ಹೊಟ್ಟು ಕಾಲು ಟೀ ಚಮಚ, ನೀರಲ್ಲಿ ಚೆನ್ನಾಗಿ ಉಬ್ಬಿದ ಮೇಲೆ ಹಸಿ ಫುಡ್‌ಗೆ ಬೆರೆಸಿ, ದೊಡ್ಡ ಕರುಳಿನ ಭೇದಿಗೆ ಅದು ಒಳ್ಳೇದು. ಒಣಗಿದ್ದು ಹಾಕಬೇಡಿ, ಸಕ್ಕರೆ ಅಥವಾ ಫ್ಲೇವರ್ ಇರೋ ಪೊಟ್ಟಣವೂ ಬೇಡ. ಎರಡು ಬೆಕ್ಕಿಗೂ ಬೇರೆ ಬೇರೆ ಟ್ರೇ, ಮಲ ಬಿದ್ದ ಕೂಡಲೇ ತೆಗೀರಿ. ಮನುಷ್ಯರ ಭೇದಿ ಮಾತ್ರೆ ಲೋಪೆರಮೈಡ್ ಕೊಡಬೇಡಿ. ಜಂತಿಗೆ ಅಂತ ಆಲ್ಬೆಂಡಜೋಲ್ ಕೂಡ ಬೇಡ, ಬೆಕ್ಕಿನ ಅಸ್ಥಿಮಜ್ಜೆಗೆ ಪೆಟ್ಟು. ವಾಂತಿ ಶುರುವಾದರೆ, ಒಂದಿಡೀ ದಿನ ಊಟ ಮುಟ್ಟದಿದ್ದರೆ ರಿಪೋರ್ಟಿಗೆ ಕಾಯದೆ ಹೊರಡಿ.

ಗುಂಡುಬೆಕ್ಕು_ಹುಬ್ಬಳ್ಳಿ:
ರಕ್ತ ತೆಗೆಯೂದಿದ್ರ ಎಫ್‌ಟಿಎಲ್‌ಐ ಒಂದು ಹಾಕ್ಸೇ ಬಿಡ್ರಿ. ಇಪಿಐ ಎಳೆ ಬ್ಯಾರೆ ತೆಗ್ದೀನಿ, ಪ್ಯಾಂಕ್ರಿಯಾಟಿನ್ ಪುಡಿ ಬಳಸಾಕತ್ತಿದವರು ಅಲ್ಲಿ ಬರ್ರಿ.

ಕುಡ್ಲದ_ಪುಚ್ಚೆ:
ನಾಲ್ಕು_ಟ್ರೇ ಅವರೇ, ಆ ಟ್ರೇ ಕೆಳಗಿನ ಸ್ಕೇಲ್ ಎಷ್ಟು ಗ್ರಾಂವರೆಗೆ ಸರಿ ತೋರಿಸ್ತದೆ?

ನಾಲ್ಕು_ಟ್ರೇ:
5 ಗ್ರಾಂ. ಬೆಕ್ಕಿನ ತೂಕಕ್ಕೆ ಸಾಕು, ಔಷಧಿ ಪುಡಿ ಅಳೆಯೋಕೆ ಆಗಲ್ಲ.